ಕಾಲ್ಚೆಂಡಿನ ಬಾವುಟ ಹೆಬ್ಬಾಳ ದಾಟೀತೇ?

2023ರ ಮಾರ್ಚ್ 3, ಶುಕ್ರವಾರ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿಗೂ ಕೇರಳ ಬ್ಲಾಸ್ಟರ್ಸ್‌ಗೂ ಐಎಸ್‌ಎಲ್ ನಾಕೌಟ್ ಪಂದ್ಯ. ಸೋತವರು ಮನೆಗೆ, ಗೆದ್ದವರು ಮುಂದಕ್ಕೆ. ನಮ್ಮ ಶಿಡ್ಲಘಟ್ಟದ ಮೂವರು ಹುಡುಗರು ಮಧ್ಯಾಹ್ನವೇ ಬಸ್ಸು ಹತ್ತಿ ಹೋಗಿದ್ದರು. ಒಬ್ಬ ರೇಷ್ಮೆ ಬಿಚ್ಚುವ ಫಿಲೇಚರ್‌ನವನು, ಒಬ್ಬ ಮೊಬೈಲ್ ಅಂಗಡಿಯವನು, ಇನ್ನೊಬ್ಬ ಡಿಗ್ರಿ ಓದುತ್ತಿದ್ದವನು. ಏಳೂವರೆಗೆ ಆಟ ಶುರು. ತೊಂಬತ್ತು ನಿಮಿಷ ಮುಗಿದರೂ ಗೋಲಿಲ್ಲ. ಹೆಚ್ಚುವರಿ ಸಮಯ ಅಂದರು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಗೋಡೆಯ ಕಡೆಗಿನ ಗಡಿಯಾರ ನೋಡಿದರು, ಎದ್ದು ಬಂದರು. ಬಸ್ಸು ತಪ್ಪಿದರೆ ಬೆಳಗಿನವರೆಗೆ ಮೆಜೆಸ್ಟಿಕ್ಕಿನ ಕಲ್ಲುಬೆಂಚೇ ಗತಿ. ಫಿಲೇಚರ್‌ನವನಿಗಂತೂ ಬೆಳಗ್ಗೆ ಗೂಡು ಬೇಯಿಸೋ ಹೊತ್ತಿಗೆ ಒಲೆಯ ಮುಂದಿರಬೇಕು.

ಅವರು ಗೇಟು ದಾಟಿ ರಸ್ತೆಗೆ ಬಿದ್ದ ಮೇಲೆ ಹಿಂದಿನಿಂದ ಒಂದು ದೊಡ್ಡ ಹುಯ್ಯಲು ಕೇಳಿಸಿತು. 96ನೇ ನಿಮಿಷದಲ್ಲಿ ಸುನಿಲ್ ಚೆಟ್ರಿ, ಎದುರಾಳಿಗಳು ಇನ್ನೂ ಗೋಡೆ ಕಟ್ಟುವ ಮೊದಲೇ, ಫ್ರೀ ಕಿಕ್ ಒದ್ದು ಗೋಲು ಹೊಡೆದಿದ್ದ. ಕೇರಳದ ಕೋಚು ಅದನ್ನು ಒಪ್ಪದೆ ತನ್ನ ಇಡೀ ತಂಡವನ್ನೇ ಮೈದಾನದಿಂದ ಹೊರಕ್ಕೆ ಕರೆದುಕೊಂಡು ಹೋದ. ದೇಶದಲ್ಲೆಲ್ಲಾ ಮಾತಾಯಿತು, ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ ಬಿತ್ತು. ಆ ರಾತ್ರಿ ಗ್ಯಾಲರಿಯಲ್ಲಿದ್ದವರು ಮೊಮ್ಮಕ್ಕಳಿಗೆ ಹೇಳಿಕೊಳ್ಳುವಂಥಾ ಗೋಲು ಅದು. ನಮ್ಮ ಹುಡುಗರು ಅದನ್ನು ಬಸ್ಸಿನ ಕಿಟಕಿ ಪಕ್ಕ ಕೂತು ಮೊಬೈಲಿನಲ್ಲಿ ನೋಡಿದರು.

'ಹೋಗಿದ್ವಿ ಅಣ್ಣ, ದುಡ್ಡೂ ಕೊಟ್ವಿ. ಆದ್ರೆ ನೋಡಿಲ್ಲ' ಅಂತ ಮೊನ್ನೆ ಟೀ ಅಂಗಡಿಯಲ್ಲಿ ಅವರಲ್ಲೊಬ್ಬ ಹೇಳಿದಾಗ ನಗು ಬಂತು, ಆಮೇಲೆ ನಗಬಾರದಿತ್ತು ಅನ್ನಿಸಿತು.

ಈ ಮಾತು ಈಗೇಕೆ ಎನ್ನುತ್ತೀರಿ. ಬೆಂಗಳೂರಿನ ಕ್ಲಬ್ಬು ಬೆಂಗಳೂರಿಗಷ್ಟೇ ಸೀಮಿತವಾಗಬಾರದು, ಸುತ್ತಲಿನ ಊರುಗಳಲ್ಲೂ ಅಭಿಮಾನಿಗಳನ್ನು ಬೆಳೆಸಬೇಕು, ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳೆಲ್ಲಾ ಕೈಯಳತೆಯಲ್ಲೇ ಇವೆಯಲ್ಲ ಎಂದು ಫುಟ್ಬಾಲ್ ಪ್ರಿಯರು ಆಗಾಗ ಹೇಳುವುದುಂಟು. ಒಳ್ಳೇ ಮಾತು. ನಾವು ಬೇಡ ಅನ್ನುವವರಲ್ಲ. ಆದರೆ ಇಂಥಾ ಮಾತು ಬಂದಾಗಲೆಲ್ಲ ಮೊದಲು ಹೊಳೆಯುವುದು ಬಾವುಟ, ಬ್ಯಾನರು, ಜರ್ಸಿ ಅಂಗಡಿ, ಬಸ್ ಸ್ಟ್ಯಾಂಡಿನಲ್ಲೊಂದು ದೊಡ್ಡ ಚಿತ್ರ. ಅಭಿಮಾನ ಅನ್ನೋದು ಚುನಾವಣೆ ಪ್ರಚಾರವೇ, ಸ್ವಾಮಿ? ಗೋಡೆಗೆ ಅಂಟಿಸಿದರೆ ಎದೆಗೆ ಅಂಟುತ್ತದೆಯೇ?

ಕ್ಲಬ್ಬಿನ ಯೋಗ್ಯತೆಯ ಬಗ್ಗೆ ನಮ್ಮದು ತಕರಾರಿಲ್ಲ. 2013ರಲ್ಲಿ ಜೆಎಸ್‌ಡಬ್ಲ್ಯು ಕಂಪೆನಿ ಕಟ್ಟಿದ ತಂಡ ಇದು. ಹುಟ್ಟಿದ ಮೊದಲ ವರ್ಷವೇ ಐ-ಲೀಗ್ ಗೆದ್ದಿತು, 2016ರಲ್ಲಿ ಮತ್ತೆ ಗೆದ್ದಿತು. ಅದೇ 2016ರ ನವೆಂಬರಿನಲ್ಲಿ ಎಎಫ್‌ಸಿ ಕಪ್ ಫೈನಲ್‌ಗೆ ಹೋದ ಮೊದಲ ಭಾರತೀಯ ಕ್ಲಬ್ಬು ಅನ್ನಿಸಿಕೊಂಡು, ದೋಹಾದಲ್ಲಿ ಇರಾಕಿನ ಏರ್ ಫೋರ್ಸ್ ತಂಡದ ಕೈಲಿ ಒಂದೇ ಗೋಲಿನಿಂದ ಸೋತಿತು. 2019ರಲ್ಲಿ ಐಎಸ್‌ಎಲ್, 2022ರಲ್ಲಿ ಡ್ಯುರಾಂಡ್ ಕಪ್. 2025ರ ಏಪ್ರಿಲ್‌ನಲ್ಲಿ ಕೋಲ್ಕತ್ತಾದಲ್ಲಿ ಮೋಹನ್ ಬಾಗಾನ್ ಎದುರು ಫೈನಲ್ ಸೋತರೂ ಮರ್ಯಾದೆಯಿಂದ ಸೋತರು. ಪಶ್ಚಿಮದ ಗ್ಯಾಲರಿಯಲ್ಲಿ ನೀಲಿ ಅಂಗಿ ತೊಟ್ಟು ಆಟ ಮುಗಿಯುವವರೆಗೂ ಕೂರದೆ ಹಾಡುವ 'ವೆಸ್ಟ್ ಬ್ಲಾಕ್ ಬ್ಲೂಸ್' ಹುಡುಗರನ್ನು ನೋಡಿದವರು ಕೂಲಿ ಕೊಟ್ಟು ಕರೆಸಿದ ಜನ ಎನ್ನಲಾರರು.

ಹಾಗಾದರೆ ಅವರಿಗೆ ನಮ್ಮ ನಾಲ್ಕು ಊರು ಯಾತಕ್ಕೆ ಬೇಕು? ಅದಕ್ಕೆ 2025ರ ಬೇಸಿಗೆ ಮುಗಿದ ಮೇಲೆ ನಡೆದದ್ದನ್ನು ನೆನೆಯಬೇಕು. ಲೀಗು ನಡೆಸುವ ಒಪ್ಪಂದ ಅದೇ ವರ್ಷದ ಡಿಸೆಂಬರಿಗೆ ಮುಗಿಯುವುದಿತ್ತು, ಮುಂದೇನು ಅನ್ನೋದು ತೀರ್ಮಾನವಾಗಲಿಲ್ಲ, ಜುಲೈನಲ್ಲಿ ಇಡೀ ಐಎಸ್‌ಎಲ್ಲನ್ನೇ ತಡೆಹಿಡಿದರು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನು ನಿಲ್ಲಿಸಿತು. ಚೆಟ್ರಿಯಂಥಾ ಆಟಗಾರ ಇರುವ ತಂಡದ ಕಥೆ ಇದು! ಸೀಸನ್ನು ತಿಂಗಳುಗಟ್ಟಲೆ ತಡವಾಯಿತು. ಕಂಪೆನಿಯ ದುಡ್ಡು, ಟೀವಿಯ ದುಡ್ಡು ಎರಡನ್ನೇ ನಂಬಿದ ಮನೆ ಹೇಗೆ ಒಂದೇ ಮಳೆಗೆ ಸೋರುತ್ತದೆ ಅಂತ ಎಲ್ಲರಿಗೂ ಗೊತ್ತಾಯಿತು. ಗೇಟಿನಲ್ಲಿ ಟಿಕೇಟು ಕೊಂಡು ಬರುವ ಜನ, ಸೋತರೂ ಬರುವ ಜನ ಬೇಕು. ಅಂಥವರು ಬೆಂಗಳೂರಿನ ಮಾಲುಗಳಲ್ಲಿ ಸಿಗುವುದು ಕಷ್ಟ. ಅಲ್ಲಿ ಒಂದು ಶನಿವಾರಕ್ಕೆ ನೂರು ಮನರಂಜನೆ. ಚಿಂತಾಮಣಿಯ ಹುಡುಗನಿಗೆ ಶನಿವಾರ ಸಂಜೆ ಏನಿದೆ, ಹೇಳಿ? ಜೋಡಿ ರಸ್ತೆಯಲ್ಲಿ ಎರಡು ಸುತ್ತು, ಒಂದು ಗೋಬಿ, ಆಮೇಲೆ ಮೊಬೈಲು.

ಅಂದ ಹಾಗೆ ಫುಟ್ಬಾಲು ನಮ್ಮ ಮಣ್ಣಿನ ಆಟವಲ್ಲ, ಇಲ್ಲೇನಿದ್ದರೂ ಕಬಡ್ಡಿ, ವಾಲಿಬಾಲ್, ಟೆನಿಸ್ ಬಾಲ್ ಕ್ರಿಕೆಟ್ ಎಂದು ಮೂಗು ಮುರಿಯುವವರಿದ್ದಾರೆ. ಅರ್ಧ ನಿಜ. ಬೆಂಗಳೂರಿನ ಫುಟ್ಬಾಲು ಬೆಳೆದಿದ್ದು ದಂಡಿನ ಕಡೆ, ಹಲಸೂರು, ಮರ್ಫಿ ಟೌನ್, ಗೌತಮಪುರ, ಆಸ್ಟಿನ್ ಟೌನ್‌ಗಳ ಗಲ್ಲಿಗಳಲ್ಲಿ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬೈಗೆ ಹೋಗಿ, ಅಲ್ಲಿಯತನಕ ಬಿಳೀ ಸೋಲ್ಜರುಗಳೇ ಗೆಲ್ಲುತ್ತಿದ್ದ ರೋವರ್ಸ್ ಕಪ್ಪನ್ನು ಹೊತ್ತು ತಂದಿತು. 1946ರಲ್ಲಿ ಮೈಸೂರು ತಂಡ ಸಂತೋಷ್ ಟ್ರೋಫಿ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದ ರಾಮನ್ ಬೆಂಗಳೂರಿನವರು. ಇದೆಲ್ಲಾ ನಡೆದದ್ದು ನಮ್ಮಿಂದ ಅರವತ್ತು ಎಪ್ಪತ್ತು ಕಿಲೋಮೀಟರ್ ದೂರದಲ್ಲಿ. ನಮ್ಮ ತಾತಂದಿರು ಅದೇ ದಂಡಿನ ಮಾರ್ಕೆಟ್ಟಿಗೆ ತರಕಾರಿ ಹೊತ್ತುಕೊಂಡು ಹೋದರು, ಬಂದರು. ಮೈದಾನದ ಕಡೆ ತಿರುಗಿ ನೋಡಲು ಅವರಿಗೆ ಪುರಸೊತ್ತಿರಲಿಲ್ಲ, ಕರೆದವರೂ ಇರಲಿಲ್ಲ. ಅತ್ತ ನಮ್ಮ ಹಳೇ ಕೋಲಾರ ಜಿಲ್ಲೆಯ ಇನ್ನೊಂದು ತುದಿ ಕೆಜಿಎಫ್‌ನಲ್ಲಿ ಗಣಿ ಕಾಲೋನಿಯ ಮಕ್ಕಳು ಬೆಳಿಗ್ಗೆ ಎದ್ದರೆ ಚೆಂಡು ಒದೆಯುತ್ತಿದ್ದರು. ಜಿಲ್ಲೆ ಒಂದೇ, ಆಟ ಮಾತ್ರ ಬೇರೆ. 2007ರಲ್ಲಿ ಜಿಲ್ಲೆಯೇ ಎರಡಾದ ಮೇಲೆ ಆ ನಂಟೂ ಹೋಯಿತು.

ಮಣ್ಣಿನ ಗುಣ ಅನ್ನೋದು ಬೊಗಳೆ. 2022ರ ವಿಶ್ವಕಪ್ ಹೊತ್ತಿನಲ್ಲಿ ಶಿಡ್ಲಘಟ್ಟದ ಗಲ್ಲಿಗಳಲ್ಲಿ ಮೆಸ್ಸಿಯ ಹೆಸರು ಬೆನ್ನ ಮೇಲೆ ಬರೆಸಿಕೊಂಡು ಓಡಾಡಿದ ಹುಡುಗರು ಎಷ್ಟು ಮಂದಿ! ಅರ್ಜೆಂಟೀನಾ ಎಲ್ಲಿದೆ ಅಂತ ಭೂಪಟದಲ್ಲಿ ತೋರಿಸು ಅಂದರೆ ತಡಬಡಾಯಿಸುವವನಿಗೆ ಆ ತಂಡದ ಗೋಲಿ ಯಾರು ಅಂತ ಗೊತ್ತು. ಏಳು ಸಮುದ್ರದಾಚೆಯ ತಂಡ ಎದೆಗಿಳಿದಿದೆ, ಹೆಬ್ಬಾಳದಾಚೆಯದು ಇಳಿದಿಲ್ಲ. ಹುಡುಗರ ಮೇಲೆ ತಪ್ಪು ಹೊರಿಸಿ ಪ್ರಯೋಜನವಿಲ್ಲ.

ರೈಲಿನಲ್ಲಿ ಬಂದ ಅಭಿಮಾನ

ದೂರದ ಊರಿನವರು ಒಂದು ಕ್ಲಬ್ಬಿಗೆ ಹೇಗೆ ಒಲಿಯುತ್ತಾರೆ ಅನ್ನೋದಕ್ಕೆ ನೂರು ವರ್ಷ ಹಿಂದಿನ ಪಾಠವೊಂದಿದೆ. 1911ರ ಜುಲೈ 29. ಕಲ್ಕತ್ತಾದಲ್ಲಿ ಐಎಫ್‌ಎ ಶೀಲ್ಡ್ ಫೈನಲ್. ಒಂದು ಕಡೆ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟಿನ ಗೋರಾಗಳು, ಇನ್ನೊಂದು ಕಡೆ ಬಹುತೇಕ ಬರಿಗಾಲಿನ ಮೋಹನ್ ಬಾಗಾನ್. ಆ ಆಟ ನೋಡಲಿಕ್ಕೆ ಬಂಗಾಳದ ಊರೂರಿನಿಂದ ಜನ ನುಗ್ಗಿದರು. ಹೇಗೆ ಬಂದರು? ಬರ್ದ್ವಾನಿನಿಂದ ರೈಲ್ವೆಯವರು ವಿಶೇಷ ರೈಲು ಬಿಟ್ಟರು, ಹೊಳೆಯ ಮೇಲೆ ಹೆಚ್ಚಿನ ಸ್ಟೀಮರು ಓಡಿದವು. ಮೈದಾನದೊಳಗೆ ನಿಲ್ಲಲು ಜಾಗ ಸಿಗದವರಿಗೆ ಸ್ಕೋರು ತಿಳಿಸಲು ಗಾಳಿಪಟ ಹಾರಿಸಿದರು. ಬಾಗಾನ್ 2-1ರಲ್ಲಿ ಗೆದ್ದಿತು. ಗೆಲುವು ದೊಡ್ಡದೇ, ಆದರೆ ಆ ಜನ ರಾತ್ರಿ ತಮ್ಮೂರಿಗೆ ವಾಪಸ್ಸು ಹೋಗಿ ಕಂಡದ್ದನ್ನು ಹೇಳಿದ್ದರಿಂದಲೇ ಬಾಗಾನ್ ಹೆಸರು ಹಳ್ಳಿಯ ಅಡಿಗೆಮನೆಯವರೆಗೆ ಹೋಯಿತು ಅನ್ನೋದು ನಮ್ಮ ಅಂದಾಜು. ಹೋಗೋದಕ್ಕಿಂತ ವಾಪಸ್ಸು ಬರೋದು ಮುಖ್ಯ.

ಇನ್ನು ಪಕ್ಕದ ಕೇರಳ. ಅಲ್ಲಿ 2014ರಿಂದೀಚೆಗೆ ಹಳದಿ ಅಂಗಿಯ ಮಂಜಪ್ಪಡ ಪಂಗಡ ಇಡೀ ರಾಜ್ಯವನ್ನು ಹಬ್ಬಿದೆ. ಆಟ ಕೊಚ್ಚಿಯಲ್ಲಾದರೂ ಜನ ಮಲಪ್ಪುರಂ, ಕೋಳಿಕ್ಕೋಡ್ ಕಡೆಯಿಂದಲೂ ಬರುತ್ತಾರೆ. ಅದು ಬರೀ ಸಂಘಟನೆಯ ಚಮತ್ಕಾರವಲ್ಲ. ಮಲಬಾರಿನ ಊರುಗಳಲ್ಲಿ ಗದ್ದೆ ಕೊಯ್ಲಾದ ಮೇಲೆ ತಾತ್ಕಾಲಿಕ ಗ್ಯಾಲರಿ ಕಟ್ಟಿ, ದೀಪ ಹಾಕಿ, ಏಳೇಳು ಜನರ ಪಂದ್ಯ ನಡೆಸುವುದು ತಲೆತಲಾಂತರದಿಂದ ಬಂದದ್ದು. ಚೆಂಡು ಮೊದಲು ಊರಿನಲ್ಲಿ ಉರುಳಿತು, ಕ್ಲಬ್ಬು ಆಮೇಲೆ ಬಂತು. ನಮ್ಮಲ್ಲಿ ಕ್ಲಬ್ಬು ಮೊದಲು ಬಂದಿದೆ, ಚೆಂಡಿನ್ನೂ ಬರಬೇಕಾಗಿದೆ. ಅದೇ ಕ್ಲಬ್ಬಿನ ಹುಡುಗರ ವಸತಿ ಅಕಾಡೆಮಿ ಬಳ್ಳಾರಿ ಕಡೆ, ವಿಜಯನಗರದ ಜೆಎಸ್‌ಡಬ್ಲ್ಯು ಕ್ರೀಡಾ ಸಂಸ್ಥೆಯಲ್ಲಿದೆ. ಕಾರ್ಖಾನೆ ಇದ್ದ ಕಡೆ ಅಕಾಡೆಮಿ, ಇರಲಿ, ಅದು ಅವರ ಲೆಕ್ಕಾಚಾರ. ಆದರೆ ಮುನ್ನೂರು ಕಿಲೋಮೀಟರ್ ದೂರಕ್ಕೆ ಹೋದ ಚೆಂಡಿಗೆ ದೇವನಹಳ್ಳಿ ದಾಟಿ ಬರಲು ಎಷ್ಟು ಹೊತ್ತು ಬೇಕು?

ನಾಲ್ಕು ಊರು, ನಾಲ್ಕು ನಡೆ

ಹೊರಗಿನವರು ಮಾಡುವ ಇನ್ನೊಂದು ತಪ್ಪೆಂದರೆ ಈ ನಾಲ್ಕೂ ಊರು ಒಂದೇ ಎಂದು ತಿಳಿಯುವುದು. ಚಿಕ್ಕಬಳ್ಳಾಪುರ ತನ್ನನ್ನು ತಾನು ಆಗಲೇ ಬೆಂಗಳೂರಿನ ಬಡಾವಣೆ ಅಂದುಕೊಂಡಿದೆ. ನಂದಿಬೆಟ್ಟಕ್ಕೆ ಬರುವ ಬೈಕುಗಳು, ದ್ರಾಕ್ಷಿ, ಹೂವಿನ ವ್ಯಾಪಾರ, ಈಶ ಯೋಗದವರ ಆದಿಯೋಗಿ ಎಲ್ಲ ಸೇರಿ ಊರಿಗೆ ಪೇಟೆಯ ಗತ್ತು ಬಂದಿದೆ. ಗೌರಿಬಿದನೂರು ರೈಲಿನ ಊರು. ಬೆಳಿಗ್ಗೆ ಪಾಸು ಜೇಬಿನಲ್ಲಿಟ್ಟುಕೊಂಡು ಯಲಹಂಕ, ಯಶವಂತಪುರಕ್ಕೆ ಹೋಗಿ ಸಂಜೆ ಬರುವ ನೌಕರರ ಊರು, ಮುಖ ಅರ್ಧ ಹಿಂದೂಪುರದ ಕಡೆ. ಚಿಂತಾಮಣಿಯ ನಾಡಿ ಮಾರ್ಕೆಟ್ಟಿನಲ್ಲಿ. ಟೊಮ್ಯಾಟೊ ಬೆಲೆ ಏರಿದ ವಾರ ಯಾರನ್ನು ಕೇಳಿದರೂ ಟಿಕೇಟು ಕೊಡಿಸುತ್ತಾರೆ, ಬಿದ್ದ ವಾರ ಆ ಮಾತೆತ್ತಬೇಡಿ. ಶಿಡ್ಲಘಟ್ಟದ ದಿನ ಶುರುವಾಗುವುದೇ ಗೂಡಿನ ಮಾರುಕಟ್ಟೆಯಲ್ಲಿ, ಅಲ್ಲಿ ರಾತ್ರಿ ತಡವಾಗಿ ಮಲಗುವುದು ಎಂದರೆ ಮರುದಿನದ ಸಂಪಾದನೆಗೆ ಕಲ್ಲು.

ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಎಷ್ಟೋ ಗಲ್ಲಿಗಳಲ್ಲಿ ಉರ್ದು. ಇಂಗ್ಲಿಷಿನಲ್ಲಿ ಹಾಡು ಕಟ್ಟಿ ಕೊಟ್ಟರೆ ನಮ್ಮವರು ಬಾಯಿ ಆಡಿಸಿಯಾರು, ಕಂಠ ಬಿಚ್ಚಲಾರರು. ಕೀರ್ತನೆ ಹಾಡುವ ಕೈವಾರದ ಸೀಮೆಯವರಿಗೆ ಹಾಡು ಕಟ್ಟುವುದನ್ನು ಬೆಂಗಳೂರಿನವರು ಹೇಳಿಕೊಡಬೇಕಾದ್ದಿಲ್ಲ. ಬಿಟ್ಟರೆ ಸಾಕು, ಅವರೇ ಕಟ್ಟಿಕೊಳ್ಳುತ್ತಾರೆ.

ಈಗ ಬಸ್ಸಿನ ವಿಷಯಕ್ಕೆ ಬರೋಣ, ಯಾಕಂದರೆ ಇಡೀ ಕಥೆ ನಿಂತಿರುವುದೇ ಅಲ್ಲಿ. ಆಟ ಏಳೂವರೆಗೆ ಶುರುವಾದರೆ ಮುಗಿಯುವುದು ಒಂಬತ್ತೂವರೆಗೆ. ಗೇಟಿನಿಂದ ಹೊರಬಂದು, ಮೆಟ್ರೋ ಹಿಡಿದು ಮೆಜೆಸ್ಟಿಕ್ ಸೇರುವ ಹೊತ್ತಿಗೆ ಹತ್ತು ಮೀರುತ್ತದೆ. ಚಿಕ್ಕಬಳ್ಳಾಪುರದವನಿಗೆ ಹೈದರಾಬಾದ್ ಕಡೆಯ ಬಸ್ಸು ರಾತ್ರಿಯೆಲ್ಲಾ ಇದೆ ನಿಜ. ಕಂಡಕ್ಟರು ಹತ್ತಿಸಿಕೊಂಡರೆ ಸಂತೋಷ, ಬೈಪಾಸಿನಲ್ಲಿ ಇಳಿಸಿದರೆ ಊರೊಳಕ್ಕೆ ನಡಿಗೆ. ಚಿಂತಾಮಣಿಯವನಿಗೆ ಮದನಪಲ್ಲಿ ಬಸ್ಸು ಸಿಕ್ಕರೆ ಪುಣ್ಯ. ಶಿಡ್ಲಘಟ್ಟ, ಗೌರಿಬಿದನೂರಿನವರ ಪಾಡು ಕೇಳಬೇಡಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾದಾ ಬಸ್ಸಿನಲ್ಲಿ ಟಿಕೇಟಿಲ್ಲ. ಆದರೆ ಕಾಲೇಜು ಹುಡುಗಿಯೊಬ್ಬಳು ಆಟ ನೋಡಬೇಕು ಅಂದರೆ ಮನೆಯಲ್ಲಿ ಅಪ್ಪ ಅಮ್ಮ ಕೇಳುವ ಮೊದಲ ಪ್ರಶ್ನೆ ಟಿಕೇಟಿನದಲ್ಲ. 'ರಾತ್ರಿ ಹೆಂಗೆ ಬತ್ತೀಯಮ್ಮ?' ಅನ್ನೋದು. ಇದಕ್ಕೆ ಉತ್ತರ ಇಲ್ಲದೆ ಇಲ್ಲಿ ಜರ್ಸಿ ಮಾರುವುದು, ಬಾವಿ ತೋಡದೆ ಕೊಡ ಮಾರಿದ ಹಾಗೆ.

ಇದು ಬರೀ ಅನುಕೂಲದ ಮಾತೂ ಅಲ್ಲ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಆರ್‌ಸಿಬಿ ಗೆಲುವಿನ ಸಂಭ್ರಮಕ್ಕೆ ಹೋದ 11 ಮಂದಿ ಕಾಲ್ತುಳಿತದಲ್ಲಿ ಸತ್ತರು. ಕಂಠೀರವದಿಂದ ಆ ಜಾಗ ಕೂಗಳತೆ. ನಮ್ಮ ತಾಲೂಕುಗಳಿಂದಲೂ ಹುಡುಗರು ಹೋಗಿದ್ದರು, ಆ ಸಂಜೆ ಫೋನು ಎತ್ತದ ಮಕ್ಕಳಿಗಾಗಿ ಎಷ್ಟು ಮನೆಗಳಲ್ಲಿ ತಾಯಂದಿರು ಬಾಗಿಲಲ್ಲಿ ಕೂತಿದ್ದರು ಅನ್ನೋದನ್ನು ನಾವು ಮರೆತಿಲ್ಲ. ಜನರನ್ನು ಬನ್ನಿ ಬನ್ನಿ ಅಂತ ಕರೆಯುವುದು ಸುಲಭ. ಬಂದವರು ಎಲ್ಲಿ ಒಳಗೆ ಹೋಗಬೇಕು, ಹೇಗೆ ಹೊರಗೆ ಬರಬೇಕು, ಹೇಗೆ ಮನೆ ಸೇರಬೇಕು ಎಂದು ಯೋಚಿಸದೆ ಕರೆಯುವುದು ಪಾಪ. ದೂರದ ಊರಿನಿಂದ ಅಭಿಮಾನಿ ಬೇಕು ಎನ್ನುವ ಯಾವ ಕ್ಲಬ್ಬಿಗೂ ಈ ಮಾತು ಅನ್ವಯಿಸುತ್ತದೆ.

ಆಗದ ಕೆಲಸವೇನಲ್ಲ. ಚಿಕ್ಕಬಳ್ಳಾಪುರದಲ್ಲಿ ಕೆಎಸ್‌ಆರ್‌ಟಿಸಿಯ ವಿಭಾಗವೇ ಇದೆ. ಮದುವೆ ದಿಬ್ಬಣಕ್ಕೆ, ಪ್ರವಾಸಕ್ಕೆ ಒಪ್ಪಂದದ ಮೇಲೆ ಬಸ್ಸು ಕೊಡುತ್ತಾರೆ. ವರ್ಷಕ್ಕೊಮ್ಮೆ ಮಾರ್ಗಶಿರದ ಚಳಿಯಲ್ಲಿ ಕೆಂಪು ಸೀರೆಯ ತಾಯಂದಿರನ್ನು ಓಂ ಶಕ್ತಿಗೆ ಕಳಿಸಲು ನಮ್ಮ ಧಣಿಗಳು ಸಾಲು ಸಾಲಾಗಿ ಬಸ್ಸು ಮಾಡುವುದಿಲ್ಲವೇ? ಆಯಾ ಧಣಿಯ ಚಿತ್ರ ಬಸ್ಸಿನ ಮುಂದೆ ಇರುತ್ತದೆ ಅನ್ನೋದು ಬೇರೆ ಮಾತು. ಕ್ಲಬ್ಬಿನವರು ಪ್ರಯೋಗಕ್ಕೆ ಒಂದೇ ಒಂದು ಶನಿವಾರ ಆರಿಸಲಿ. ಚಿಂತಾಮಣಿಯಿಂದ ಹೊರಟು ಶಿಡ್ಲಘಟ್ಟದ ಮೇಲೆ ಒಂದು ಬಸ್ಸು, ಗೌರಿಬಿದನೂರಿನಿಂದ ದೊಡ್ಡಬಳ್ಳಾಪುರದ ಮೇಲೆ ಒಂದು, ಚಿಕ್ಕಬಳ್ಳಾಪುರದಿಂದ ಮತ್ತೊಂದು. ಟಿಕೇಟಿನ ಜೊತೆಗೇ ಬಸ್ಸಿನ ಚೀಟಿ. ಬಿಟ್ಟಿ ಬೇಡ. ಬಿಟ್ಟಿ ಬಂದವನು ಅಭಿಮಾನಿಯಲ್ಲ, ಬಿರಿಯಾನಿಗೆ ಬಂದವನು. ಕೊನೆಯ ಸೀಟಿ ಊದಿದ ಮೇಲೂ ಅರ್ಧ ಗಂಟೆ ಬಸ್ಸು ಕಾಯುತ್ತದೆ ಅನ್ನೋ ಭರವಸೆ ಇದ್ದರೆ ಸಾಕು. ಹೆಣ್ಣುಮಕ್ಕಳಿಗೆ ಮುಂದಿನ ಸೀಟು ಬಿಡಲಿ, ಮನೆಯವರೂ ಜೊತೆಗೆ ಬರಲಿ.

ಅದಕ್ಕೂ ಮುಂಚೆ ಅವರು ಇಲ್ಲಿಗೆ ಒಮ್ಮೆ ಬರಬೇಕು. 2024ರ ಜನವರಿಯಲ್ಲಿ ಮುದ್ದೇನಹಳ್ಳಿಯ ಕ್ರಿಕೆಟ್ ಮೈದಾನಕ್ಕೆ ಸಚಿನ್ ತೆಂಡೂಲ್ಕರ್, ಯುವರಾಜ್ ಸಿಂಗ್ ಬಂದು ಒಂದು ಇಪ್ಪತ್ತು ಓವರಿನ ಪಂದ್ಯ ಆಡಿ ಹೋದರು. ಒಂದೇ ದಿನದ ಆಟ. ಇವತ್ತಿಗೂ ಆ ಮಾತು ಬಂದರೆ ನಮ್ಮ ಹುಡುಗರ ಕಣ್ಣು ಹೊಳೆಯುತ್ತದೆ. ಸೀಸನ್ನಿಗೆ ಮುಂಚಿನ ಅಭ್ಯಾಸದ ಆಟವೊಂದನ್ನು ಬೆಂಗಳೂರು ಎಫ್‌ಸಿ ಚಿಕ್ಕಬಳ್ಳಾಪುರದ ಜಿಲ್ಲಾ ಕ್ರೀಡಾಂಗಣದಲ್ಲೋ, ಚಿಂತಾಮಣಿಯಲ್ಲೋ ಆಡಲಿ. ಮೊದಲ ತಂಡ ಬೇಡ, ಎರಡನೇ ತಂಡವೇ ಸಾಕು. ಅವರ ಹೆಂಗಸರ ತಂಡ ಬಂದರೆ ಇನ್ನೂ ಒಳ್ಳೇದು, ಹೈಸ್ಕೂಲ್ ಹುಡುಗಿಯರು ಒಂದು ಸಲ ನೋಡಲಿ. ಪಿಟಿ ಮೇಷ್ಟ್ರುಗಳನ್ನು ಎರಡು ದಿನ ಕೂರಿಸಿ ಆಟ ಕಲಿಸುವ ಕ್ರಮ ಹೇಳಿಕೊಡಲಿ, ಶಾಲೆಗೆ ನಾಲ್ಕು ಚೆಂಡು ಕೊಡಲಿ. ಬ್ಯಾನರಿಗೆ ಸುರಿಯುವ ದುಡ್ಡಿನಲ್ಲಿ ಚೆಂಡು ಎಷ್ಟು ಬರುತ್ತವೆ ಅನ್ನೋದನ್ನು ಯಾರಾದರೂ ಲೆಕ್ಕ ಹಾಕಿದ್ದಾರೆಯೇ?

ನಮ್ಮ ಕಡೆಯ ತಪ್ಪನ್ನೂ ಮುಚ್ಚಿಡಬಾರದು. ಆಡಲು ಬನ್ನಿ ಅಂದರೆ ಆಡಿಸಲು ನೆಲ ಎಲ್ಲಿದೆ? ಕ್ರೀಡಾಂಗಣ ಅಂತ ಬೋರ್ಡು ಇರುವ ಜಾಗಕ್ಕೆ ಆಗಸ್ಟ್ 15ರ ಪೆರೇಡು, ವಸ್ತುಪ್ರದರ್ಶನ, ಪುಢಾರಿಗಳ ಸಮಾವೇಶ ಎಲ್ಲವೂ ಬೇಕು. ಸಮಾವೇಶದ ಮರುದಿನ ಶಾಮಿಯಾನದ ಗೂಟ ಕಿತ್ತ ಗುಂಡಿಗಳಲ್ಲಿ ಕಾಲು ಸಿಕ್ಕಿ ಮುರಿದುಕೊಳ್ಳದೆ ಓಡಿದರೆ ಅದೇ ಆಟ. ಟೆನಿಸ್ ಬಾಲ್ ಕ್ರಿಕೆಟ್ಟಿಗೆ ಆಳೆತ್ತರದ ಕಪ್ಪು ಕೊಡುವ ಮಹನೀಯರು ಒಂದೇ ಒಂದು ಜೊತೆ ಗೋಲುಕಂಬ ನೆಡಿಸಿದ್ದರೆ ಬೆಂಗಳೂರಿನವರ ಮುಂದೆ ಕೈಚಾಚುವ ಕೆಲಸ ಅರ್ಧ ತಪ್ಪುತ್ತಿತ್ತು. 2023ರ ಮಾರ್ಚ್ 4ರಂದು, ಅಂದರೆ ಚೆಟ್ರಿಯ ಆ ಗೋಲಿನ ಮರುದಿನವೇ, ಕರ್ನಾಟಕ ತಂಡ ದೂರದ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷದ ಮೇಲೆ ಸಂತೋಷ್ ಟ್ರೋಫಿ ಗೆದ್ದಿತು. ನಮ್ಮ ಜಿಲ್ಲೆಯಲ್ಲಿ ಒಂದು ಪಟಾಕಿ ಸದ್ದು ಕೇಳಲಿಲ್ಲ. ರಾಜ್ಯದ ತಂಡ ಗೆದ್ದದ್ದೇ ಗೊತ್ತಾಗದ ಊರಿಗೆ ಕ್ಲಬ್ಬಿನ ಬಾವುಟ ತಂದು ನೆಡುವುದು ಹೇಗೆ?

2011ರ ಜನಗಣತಿಯಲ್ಲೇ ಈ ಜಿಲ್ಲೆಯಲ್ಲಿ 12 ಲಕ್ಷ 55 ಸಾವಿರ ಜನ. ಕಂಠೀರವ ತುಂಬಲು ಬೇಕಾದ್ದು ಇಪ್ಪತ್ತೈದು ಸಾವಿರದ ಆಸುಪಾಸು. ಇದರಲ್ಲಿ ಇನ್ನೂರು ಜನ ತಿಂಗಳಿಗೊಮ್ಮೆ ಹೋಗಿ ಬಂದರೆ ಕ್ಲಬ್ಬಿನ ಖಜಾನೆ ತುಂಬುವುದಿಲ್ಲ, ಒಪ್ಪಿದೆವು. ಆದರೆ ಆ ಇನ್ನೂರು ಜನ ಬೆಳಿಗ್ಗೆ ಗೂಡಿನ ಮಾರ್ಕೆಟ್ಟಿನಲ್ಲಿ, ಟೊಮ್ಯಾಟೊ ಮಂಡಿಯಲ್ಲಿ, ಪ್ಯಾಸೆಂಜರ್ ರೈಲಿನಲ್ಲಿ ಆಟದ ಮಾತಾಡುತ್ತಾರೆ. ಯಾವ ಬ್ಯಾನರೂ ಆ ಕೆಲಸ ಮಾಡಲಾರದು. 2025ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರಿಟ್ಟರು. ನಮಗೆ ಹೆಸರಿನ ಆಸೆಯಿಲ್ಲ, ಬಸ್ಸು ಸಾಕು.

ಶಿಡ್ಲಘಟ್ಟದ ಆ ಮೂವರಲ್ಲಿ ಫಿಲೇಚರ್‌ನವನನ್ನು ಕೇಳಿದೆವು, ಇನ್ನೊಂದು ಸಲ ಹೋಗ್ತೀಯೇನಪ್ಪಾ ಅಂತ. 'ಭಾನುವಾರ ಆಟ ಇದ್ರೆ ಆಗಲ್ಲ ಅಣ್ಣ, ಸೋಮವಾರ ಕೆಲಸ. ಶನಿವಾರ ಇದ್ರೆ ಹೋಗ್ತೀನಿ. ಆದ್ರೆ ಪೂರ್ತಿ ನೋಡೇ ಬರೋದು ಈ ಸಲ' ಅಂದ. ಹೇಗೆ ಬರುತ್ತಾನೋ ಅವನು ಹೇಳಲಿಲ್ಲ.